ಎರಡು ಕಂಪ್ರೆಸರ್

"ನಮ್ಮ ಮಗಳೂ ಕಂಪ್ರೆಸರ್ ಲೈನಲ್ಲೇ ಇದಾಳೆ" ಎಂದು ಫ್ರಿಜ್ ರಿಪೇರಿಯ ಅಪ್ಪ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಮಗಳು ನಾಚಿ ನೀರಾಗುತ್ತಿದ್ದಳು. ಅವಳಿದ್ದದ್ದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ. ಅವಳ ಕಂಪ್ರೆಸರ್ ತಣ್ಣಗೆ ಮಾಡುವುದಲ್ಲ; ಕಂಪ್ಯೂಟರಿನೊಳಗೆ ಕೂತು, ಕೂಗಿದ ಮಾತನ್ನು ತುಸು ತಗ್ಗಿಸಿ, ಪಿಸುಮಾತನ್ನು ಕೈಹಿಡಿದು ಮೇಲೆತ್ತುವುದು. ಓದು ಎಂಟನೇ ಕ್ಲಾಸಿಗೇ ನಿಂತಿತ್ತು. ಕಿವಿ ಮಾತ್ರ ಕಲಿಯುವುದನ್ನು ಬಿಟ್ಟಿರಲಿಲ್ಲ.

ಅವತ್ತು ಆ ಕಿವಿಗೇ ಪರೀಕ್ಷೆ. ಮೇಷ್ಟರೊಬ್ಬರು ಗಂಟಲಿನ ಆಪರೇಷನ್ನಿಗೆ ಮುಂಚೆ ಅಡುಗೆಮನೆಯಲ್ಲಿ ಕೂತು, ಮೊಮ್ಮಗಳಿಗೆಂದು ಫೋನಿನಲ್ಲಿ ಕತೆ ಹೇಳಿ ರೆಕಾರ್ಡ್ ಮಾಡಿಟ್ಟಿದ್ದರು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಇದೊಂದೇ. ಅದನ್ನು ಸ್ಪಷ್ಟ ಮಾಡಿಕೊಡಿ ಎಂದು ಕೊಟ್ಟುಹೋಗಿದ್ದ ಅವರ ಹೆಂಡತಿ ಮಧ್ಯಾಹ್ನ ಬರುವವರಿದ್ದರು.

ದನಿ ತೀರ ಸಣ್ಣದೆಂದು ಅವಳು ಮೊದಲಿಗೇ ಕಂಪ್ರೆಸರ್ ಹಾಕಿ ಬಿಗಿದಳು. ಮೇಷ್ಟರ ಜೊತೆ ಹಿಂದಿನ ಗುಂಯ್ ಸದ್ದೂ ಎದ್ದಿತು. ಜೇನುಗೂಡಿಗೆ ಕಲ್ಲು ಹೊಡೆದಂತಾಯಿತು.

"ಬಿಟ್ಟಾಕಮ್ಮ" ಎಂದರು ಸ್ಟುಡಿಯೋ ಯಜಮಾನರು. "ಇದು ಆಗೋ ಕೆಲಸ ಅಲ್ಲ. ಹಾಗಂತ್ಲೇ ಹೇಳಿ ಕಳ್ಸೋಣ."

ಅಪ್ಪ ಅಲ್ಲೇ ಸ್ಟೂಲು ಹತ್ತಿ ಏಸಿ ಬಿಚ್ಚುತ್ತಿದ್ದ. ಇಳಿದು ಬಂದು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ. "ಇದು ಫ್ರಿಜ್ಜು ಕಣೇ! ಕಂಪ್ರೆಸರ್ ಕೆಳಗಿನ ರಬ್ಬರ್ ಸವೆದಿದೆ. ಒಂದೇ ರಾಗ ಇದರದ್ದು."

"ಒಂದೇ ರಾಗಾನಾ? ಏರೋದು ಇಳಿಯೋದು ಇಲ್ವಾ?"

"ಏರಿಳಿಯೋಕೆ ಅದೇನು ನಿಮ್ಮಮ್ಮನಾ?"

ಅವಳಿಗೆ ತಟ್ಟನೆ ಹೊಳೆಯಿತು. "ಅಪ್ಪಾ, ಆ ರಾಗ ಹಿಡಿ. ನಿಲ್ಲಿಸ್ಬೇಡ."

ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಅಪ್ಪ "ಊಂ..." ಎಂದು ನಿಂತ. ಅವಳ ಒಂದು ಕಿವಿ ಹೆಡ್‌ಫೋನಿಗೆ, ಇನ್ನೊಂದು ಅಪ್ಪನಿಗೆ. ಕಂಪ್ರೆಸರ್ ತೆಗೆದು, ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್ ತೆರೆದಳು. ಪರದೆಯ ಗೆರೆಯ ಮೇಲೆ ಸೂಜಿಯಂಥ ಶಿಖರ ಎತ್ತಿ, ತಗ್ಗಿನ ಸ್ವರಗಳ ಮೇಲೆ ಮೆಲ್ಲಗೆ ಸರಿಸುತ್ತ ಹೋದಳು. ಗೆರೆಯ ಅಂಕಿ ನೂರರ ಹತ್ತಿರ ಬಂದಾಗ ಹೆಡ್‌ಫೋನಿನ ಗುಂಯ್ ಕಿರುಚಿ ಅಪ್ಪನ ಊಂಕಾರದಲ್ಲಿ ಬೆರೆಯಿತು. ಕಳ್ಳ ಸಿಕ್ಕಿದ! ಶಿಖರವನ್ನು ಅಲ್ಲೇ ಮಗುಚಿ ಹಳ್ಳ ಮಾಡಿದಳು; ಗುಂಯ್ ಅದರೊಳಗೆ ಬಿತ್ತು. ಇನ್ನೂರರಲ್ಲಿ ಅವನ ಮರಿಯಿತ್ತು, ಅದೇ ಗುಂಯ್ ಸಣ್ಣಗೆ. ಅದಕ್ಕೂ ಒಂದು ಹಳ್ಳ. ಆಮೇಲೆ ಕಂಪ್ರೆಸರ್, ಈ ಸಲ ಹಗುರ ಕೈಯಲ್ಲಿ.

"ಸಾಕೇನೇ? ಉಸಿರು ಹೋಗ್ತಿದೆ!" ಎಂದ ಅಪ್ಪ.

ಮಧ್ಯಾಹ್ನ ಮೇಷ್ಟರ ಹೆಂಡತಿ ಕೂತು ಕೇಳಿದರು. ಗಂಡನ ದನಿ, ಕೆಮ್ಮು, ಕತೆಯ ರಾಜನ ಬಗ್ಗೆ ಹೇಳುತ್ತ ನಕ್ಕ ನಗು, ಎಲ್ಲ ಎದುರಿಗೇ ಇತ್ತು. ಕಣ್ಣೊರೆಸಿಕೊಂಡು, "ಅಡುಗೆಮನೇಲೇ ಕೂತು ಹೇಳಿದ್ರಲ್ಲ, ನಮ್ಮ ಫ್ರಿಜ್ ಎಲ್ಲಿ ಹೋಯ್ತು?" ಎಂದರು.

"ಯಾರು ಮಾಡಿದ್ದು ಹೇಳಮ್ಮ" ಎಂದರು ಯಜಮಾನರು.

ಯಾರಾದರೂ ಹೊಗಳಿದರೆ ನೆಲ ನೋಡುವ ಹುಡುಗಿ ತಲೆ ಎತ್ತಿದಳು. "ನಾನೇ ಮಾಡ್ದೆ."

ಅಪ್ಪ ಸ್ಟೂಲಿನ ಮೇಲಿಂದ ಗಂಟಲು ಸರಿಮಾಡಿಕೊಂಡ. "ಫ್ರಿಜ್ಜಿಗೆ ರಬ್ಬರ್ ನಾಳೆ ಬಂದು ಹಾಕ್ಕೊಡ್ತೀನಿ ತಾಯಿ. ದೊಡ್ಡ ರಿಪೇರಿ ನಮ್ಮ ಮಗಳು ಮಾಡಿಯಾಗಿದೆ."