ವಾಲಿದ ಕಲ್ಲು

ದೀಕ್ಷಿತಾ ತನ್ನ ಪುಟ್ಟ ಉಪ್ಪುನೀರಿನ ಅಕ್ವೇರಿಯಂಗೆ ಇನ್ನೊಂದು ಕಲ್ಲು ಇಳಿಸುತ್ತಿದ್ದಳು. ಬ್ರಷ್ಷಿನಿಂದ ಉಜ್ಜಿ, ವಾರಗಟ್ಟಲೆ ಉಪ್ಪುನೀರಿನಲ್ಲಿ ನೆನೆಸಿಟ್ಟ ಕಲ್ಲು ಅದು. ಮರಳಿನ ಮೇಲಿಟ್ಟು ಕೈ ತೆಗೆಯುವಷ್ಟರಲ್ಲಿ ಗಾಜಿನ ಕಡೆಗೆ ವಾಲಿತು. ಅವಳು ತಟ್ಟನೆ ಎರಡೂ ಕೈಯಲ್ಲಿ ಹಿಡಿದಳು. ಬೆದರಿದ ಕಿತ್ತಳೆ ಮೀನು ಕಲ್ಲಿನಡಿಯ ಸಂದಿಗೆ ನುಗ್ಗಿ ಸಿಕ್ಕಿಕೊಂಡಿತು.

"ಮಾಮೀ, ಬೇಗ ಬನ್ನಿ! ಬಿಟ್ಟರೆ ಗಾಜು ಒಡೆಯುತ್ತದೆ, ಒತ್ತಿದರೆ ಮೀನು ಸಾಯುತ್ತದೆ!"

ಅತ್ತೆ ರತ್ನಾವತಿ ಕಾಪು ಪೇಟೆಗೆ ಹೊರಟವರು ಚಪ್ಪಲಿಯಲ್ಲೇ ಒಳಗೆ ಓಡಿ ಬಂದರು.

"ಅಲುಗಾಡಬೇಡ ಮಾರಾಯ್ತಿ."

ಅವರು ನೀರಿಗೆ ಕೈ ಹಾಕಿ, ಕಲ್ಲಿನಡಿಯ ಮರಳನ್ನು ಬೆರಳಿನಿಂದ ಮೆಲ್ಲನೆ ಕೆರೆದರು. ದೀಕ್ಷಿತಾ ಕಲ್ಲನ್ನು ಬಿಗಿಯಾಗಿ ಹಿಡಿದೇ ಇದ್ದಳು. ಇನ್ನು ಹಿಡಿಯಲಾರೆ ಎನ್ನುವಾಗ ಮೀನು ಹೊರಗೆ ಚಿಮ್ಮಿತು.

"ಈಗ ಇಳಿಸು."

ಕಲ್ಲು ತಳದ ಗಾಜಿಗೆ ತಾಗಿ ಗಟ್ಟಿಯಾಗಿ ಕೂತಿತು. ಆಮೇಲೆಯೇ ದೀಕ್ಷಿತಾಳಿಗೆ ಅಳು ಬಂದದ್ದು.