ಗುರುತು ಹಿಡಿದು ತಂದ ಕೋಳಿಗಳು

ಸಂಜೆ ಐದೂವರೆಯಾಯಿತೆನ್ನಲು ಆ ಮನೆಗೆ ಗಡಿಯಾರ ಬೇಕಿರಲಿಲ್ಲ. ಅತ್ತೆ ಕುರ್ಚಿಯಿಂದ ಎದ್ದು, ರವಿಕೆಯ ತೋಳು ಮೇಲಕ್ಕೆ ಸರಿಸಿಕೊಂಡು, ಹಿತ್ತಲ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

"ಕೋಳಿ ಗೂಡಿಗೆ ಕೂಡಿದ್ದಾಯ್ತೇನಮ್ಮ?"

ಹಿತ್ತಲಲ್ಲಿ ಕೋಳಿ ಇರಲಿಲ್ಲ. ಬಟ್ಟೆ ಒಣಹಾಕುವ ತಂತಿಯಿತ್ತು, ತುಕ್ಕು ಹಿಡಿದ ನೀರಿನ ಡ್ರಮ್ಮಿತ್ತು, ಯಾರೂ ನೆಡದೆ ತಾನಾಗಿ ಎದ್ದ ಒಂದು ಗಿಡವಿತ್ತು. ಅತ್ತೆ ಕೋಳಿ ಸಾಕಿದ್ದು ನಲವತ್ತು ವರ್ಷಗಳ ಹಿಂದೆ, ಬೇರೆ ಊರಿನ ಬೇರೆ ಮನೆಯಲ್ಲಿ. ಆ ನಲವತ್ತು ವರ್ಷ ಅವರ ನೆನಪಿನಿಂದ ಒಂದೊಂದಾಗಿ ಜಾರಿ, ಈಗ ಸಂಜೆಯಾದರೆ ಆ ಹಿತ್ತಲೇ ಈ ಹಿತ್ತಲಾಗಿಬಿಡುತ್ತಿತ್ತು.

ಸೊಸೆ ಮೊದಲು ನಿಜ ಹೇಳಿ ನೋಡಿದಳು. "ನಮ್ಮಲ್ಲಿ ಕೋಳಿ ಇಲ್ಲ ಅತ್ತೆ." ಇಲ್ಲವೆಂದರೆ ಕಳೆದುಹೋಗಿವೆಯೆಂದೇ ಅರ್ಥವಾಗಿ ಅತ್ತೆಯ ಮುಖದ ಬಣ್ಣ ಇಳಿಯಿತು. ಆಮೇಲೆ ಸುಳ್ಳು ಹೇಳಿ ನೋಡಿದಳು. "ಎಲ್ಲಾ ಕೂಡಿದೀನಿ ಅತ್ತೆ." ಇನ್ನೊಬ್ಬರ ಮಾತಿನ ಮೇಲೆ ಕದ ಹಾಕಿಕೊಂಡು ಮಲಗುವ ಹೆಂಗಸಲ್ಲ ಅವರು, ತಾವೇ ಎಣಿಸಲು ಹೋಗಿ, ಒಂದೂ ಕಾಣದೆ, ಗೇಟು ತೆಗೆದು ಬೀದಿಗಿಳಿದರು. ಒಂದು ಸಲ ಔಷಧಿ ಅಂಗಡಿಯವನು ಕರೆತಂದ. ಇನ್ನೊಂದು ಸಲ ಒಬ್ಬ ಬಸ್ ಡ್ರೈವರು, ಬಸ್ಸನ್ನು ನಡುರಸ್ತೆಯಲ್ಲಿ ನಿಲ್ಲಿಸಿ, ಪ್ರಯಾಣಿಕರ ಬೈಗುಳವನ್ನೆಲ್ಲ ಬೆನ್ನಿಗೆ ಹೊತ್ತುಕೊಂಡು, ಕೈಹಿಡಿದು ಕರೆತಂದ.

ಗೇಟಿಗೆ ಬೀಗ ಹಾಕಿದ್ದೂ ಉಂಟು, ಒಂದೇ ದಿನ. ಅಂದು ಅತ್ತೆ ಸರಳು ಹಿಡಿದು ಅಲುಗಾಡಿಸಿ ಅಲುಗಾಡಿಸಿ ಎರಡೂ ಅಂಗೈ ಕಿತ್ತುಬಂದಿದ್ದವು. ಮುಲಾಮು ಹಚ್ಚುವಾಗ ಅವರು ಸೊಸೆಯನ್ನು ಬಹಳ ವಿನಯದಿಂದ ಕೇಳಿದ್ದರು, "ನಾನೇನು ತಪ್ಪು ಮಾಡ್ದೆ ಅಂತ ಇಲ್ಲಿ ಹಿಡಿದಿಟ್ಟಿದೀರಿ?" ಆ ಬೀಗವನ್ನು ಅವಳು ಮತ್ತೆ ಮುಟ್ಟಲಿಲ್ಲ.

ಗಂಡನದು ಲಿಫ್ಟ್ ರಿಪೇರಿಯ ಕೆಲಸ. ಮಹಡಿಗಳ ನಡುವೆ ಸಿಕ್ಕಿಬಿದ್ದವರನ್ನು ದಿನವಿಡೀ ಹೊರಗೆಳೆದು, ಮನೆಗೆ ಬಂದು ಮೌನವಾಗಿ ಉಣ್ಣುವವನು. ಒಂದು ಭಾನುವಾರ ರಾತ್ರಿ ಮಾತ್ರ ಉಣ್ಣುತ್ತಲೇ ಮಾತೆತ್ತಿದ.

"ಇನ್ನೊಂದ್ಸಲ ಅಮ್ಮ ರಸ್ತೆಗೆ ಹೋದ್ರೆ ಮುಗೀತು ನೋಡು. ವೃದ್ಧಾಶ್ರಮದವರು ಶನಿವಾರದವರೆಗೆ ಒಂದು ಕೋಣೆ ಹಿಡಿದಿಟ್ಟಿದಾರೆ. ಹೂಂ ಅಂದ್ಬಿಡ್ತೀನಿ."

"ಶನಿವಾರದವರೆಗೆ ಹೋಗ್ದೇ ಇದ್ರೆ?"

"ಹೋಗ್ದೇ ಇದ್ರೆ ಯಾಕೆ ಅನ್ಲಿ? ನಂಗೇನು ಖುಷೀನಾ?" ಅವನು ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಲೇ ಇದ್ದ. "ಬಸ್ಸಿನಡಿಗೆ ಸಿಕ್ಕಿದ್ರೆ ಎತ್ಕೊಂಡು ಬರೋನು ನಾನೇ ತಾನೆ."

ಅವನು ಹೇಳಿದ್ದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಅತ್ತೆಯನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. ಮದುವೆಯಾಗಿ ಬಂದ ವರ್ಷ ಅವಳು ವಾರಕ್ಕೆ ಮೂರು ಸಲವಾದರೂ ಹಾಲು ಸೀಯಿಸುತ್ತಿದ್ದಳು. ಮಾವ ಮೂಗು ಮುರಿದಾಗಲೆಲ್ಲ ಅತ್ತೆ ತಲೆಯೆತ್ತದೆ, "ನಾನೇ ಸೀಯಿಸ್ದೆ, ಏನೋ ಜ್ಞಾನದಲ್ಲಿದ್ದೆ" ಎನ್ನುತ್ತಿದ್ದರು. ವರ್ಷ ಪೂರ್ತಿ ಹಾಗೆಯೇ ಅಂದರು. ಸೊಸೆಯ ಮುಂದೆ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ.

ಮರುದಿನ, ಸೋಮವಾರ, ಅವಳಿಗೆ ಹೊಳೆದದ್ದು ಇಷ್ಟು: ಎಣಿಸಲು ಕೋಳಿ ಇದ್ದರೆ ಅತ್ತೆ ಎಣಿಸುತ್ತಾರೆ, ಲೆಕ್ಕ ಸರಿಬಂದರೆ ಕದ ಹಾಕುತ್ತಾರೆ, ಕದ ಹಾಕಿದರೆ ಒಳಗೆ ಬರುತ್ತಾರೆ.

ಅವಳು ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಹೊಲಿಗೆಯವಳು. ಮಡಿಸಿದ ಹಾಳೆಗಳ ಕಂತೆಗಳನ್ನು ಒಂದರ ಬೆನ್ನಿಗೊಂದು ದಾರದಿಂದ ಹೊಲಿಯುವುದು ಅವಳ ಕೆಲಸ. ಒಂದು ಕಂತೆ ಹಿಂದುಮುಂದಾದರೂ ಇಡೀ ಪುಸ್ತಕ ಕೆಟ್ಟಂತೆ. ಹಾಗಾಗಿ ಗುರುತಿಟ್ಟುಕೊಂಡೇ ಮುಂದಕ್ಕೆ ಹೋಗುವುದು ಅವಳ ಕೈಗೆ ಹತ್ತಿದ ಗುಣ. ಕತ್ತರಿಸಿ ಉಳಿದ ಕಾಗದದ ಪಟ್ಟಿಗಳನ್ನು ಮನೆಗೆ ತಂದಳು. ನಾಲ್ಕು ಸಂಜೆ ಅತ್ತೆಯ ಕೈಹಿಡಿದು, ಕೋಳಿಗಳ ವಿಷಯವನ್ನೇ ಕೇಳುತ್ತ ಕೇಳುತ್ತ, ಮಾತಿನಲ್ಲೇ ಹಿತ್ತಲು ಸುತ್ತಿಸಿ ಕತ್ತಲಾಗುವವರೆಗೆ ಹಿಡಿದಿಟ್ಟಳು. ಅವರು ಹೇಳಿದ್ದನ್ನೆಲ್ಲ ಪಟ್ಟಿಗಳ ಮೇಲೆ ಬರೆದಿಟ್ಟಳು. ಅತ್ತೆ ಕೋಳಿ ಕರೆಯುವುದೂ ಒಂದು ಪದ ಹೇಳಿದಂತಿತ್ತು:

ಬಾರೇ ಚುಕ್ಕಿ, ಬಾರೇ ಬೂದಿ,
ಗೊಣಗೀ ಬಾರೇ ಗೊಣಗದೆ,
ಹಿರಿಯಕ್ಕ ಬಂದರೆ ಹಿಂದೆಲ್ಲ ಬಂದಾವು,
ಬೆಳಕಿದ್ದಾಗಲೇ ಬನ್ನಿರೇ.

ನಾಲ್ಕು ಕೋಳಿ. ಚುಕ್ಕಿ ಕರಿ ಮೈಯವಳು, ಮೇಲೆ ಅಕ್ಕಿ ಎರಚಿದಂತೆ ಬಿಳಿ. ಬೂದಿಯದು ಒಲೆಯ ಬೂದಿಯದೇ ಬಣ್ಣ, ಕಾಲು ಮಾತ್ರ ಹಳದಿ. ಗೊಣಗಿ ಕೆಂಚು, ಕತ್ತಿನಲ್ಲಿ ಪುಕ್ಕವಿಲ್ಲ, ಬಾಯಿಗೆ ಬಿಡುವಿಲ್ಲ. ಹಿರಿಯಕ್ಕ ಗೋಧಿ ಬಣ್ಣದ ದಪ್ಪ ಹೆಂಗಸು, ಎಡಗಾಲಿನ ಒಂದು ಬೆರಳು ಸೊಟ್ಟ.

ಶುಕ್ರವಾರ ಅಂಗಡಿಯ ಯಜಮಾನರನ್ನು ಅರ್ಧ ದಿನ ರಜೆ ಕೇಳಿದಳು.

"ಯಾರಿಗೆ ಹುಷಾರಿಲ್ಲ?" ಎಂದರು ಅವರು, ಅಂಟಿನ ಕುಂಚ ಕೆಳಗಿಡದೆ.

"ಕೋಳಿ ತರ್ಬೇಕು, ಸಾಕೋದಕ್ಕೆ."

"ಅದಕ್ಕೆ ಅರ್ಧ ದಿನ ಎಲ್ಲಿ ಸಾಕಮ್ಮ, ಅರ್ಧ ಆಯುಸ್ಸು ಬೇಕು," ಎಂದರು. ಆದರೂ ಕಳಿಸಿದರು.

ಕೋಳಿ ಮಾರುವವನು ಊರಾಚೆಯ ನಿವೃತ್ತ ಅಂಚೆಯವ. ತಂತಿಬಲೆಯ ಮನೆಗಳನ್ನು ಸಾಲಾಗಿ ಕಟ್ಟಿ, ಪ್ರತಿಯೊಂದಕ್ಕೂ ನಂಬರು ಬರೆದಿದ್ದ.

"ಮೊಟ್ಟೆಗಾ, ಚೆಂದಕ್ಕಾ?" ಇದೇ ಅವನ ಮೊದಲ ಮಾತು.

"ಮನೆಗೆ," ಎಂದಳು ಸೊಸೆ, ಬೇರೆ ಏನು ಹೇಳಲೂ ತೋಚದೆ.

ಹೊಸಬಳೆಂದು ಅವನಿಗೆ ಅಷ್ಟರಲ್ಲೇ ತಿಳಿಯಿತು. ಒಂದು ಕಂದು ಹೇಂಟೆಯನ್ನು ಎತ್ತಿ ಕಂಕುಳಲ್ಲಿಟ್ಟು ಪಾಠ ಶುರುಮಾಡಿದ. ಜುಟ್ಟು ಕೆಂಪಗಿರಬೇಕು. ಕಣ್ಣು ತಿಳಿಯಾಗಿರಬೇಕು. ಕಾಲಿನ ಪೊರೆ ಏಳದೆ ನುಣ್ಣಗಿರಬೇಕು. "ಇಲ್ಲಿ ಬಾಲದ ಕೆಳಗೆ ಎರಡು ಮೂಳೆ ಸಿಗುತ್ತೆ ನೋಡಿ ತಾಯಿ. ನಡುವೆ ಎರಡು ಬೆರಳು ಆರಾಮಾಗಿ ಕೂತ್ರೆ ಮೊಟ್ಟೆ ಇಡ್ತಿದೆ ಅಂತ. ಒಂದೇ ಬೆರಳಾದ್ರೆ ಇನ್ನೂ ಎಳೇದು, ಇಲ್ಲಾ ಮುಗಿದದ್ದು. ಈ ಕಂದು ಬಣ್ಣದವು ನಾಲ್ಕು ಒಯ್ಯಿರಿ, ವರ್ಷ ಪೂರ್ತಿ ನನ್ನ ನೆನೀತೀರಿ."

ಕಂದು ಹೇಂಟೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಅವಳು ಚೀಲದಿಂದ ಕಾಗದದ ಪಟ್ಟಿಗಳನ್ನು ತೆಗೆದು ಕೊಟ್ಟಳು. ಅವನು ಕನ್ನಡಕ ಏರಿಸಿ, ಒಂದೊಂದನ್ನೂ ದೂರ ಹಿಡಿದು ಓದಿದ.

"ಇದೇನ್ ತಾಯಿ, ಕಾಣೆಯಾದವರ ಪ್ರಕಟಣೆ ಇದ್ದಂಗಿದೆ."

ಅವಳು ನಗಲಿಲ್ಲ. ಅತ್ತೆಯ ವಿಷಯ ಎರಡು ಮಾತಿನಲ್ಲಿ ಹೇಳಿದಳು. ಅವನು ಕಂದು ಕೋಳಿಯನ್ನು ಮೆಲ್ಲಗೆ ಕೆಳಗೆ ಬಿಟ್ಟ.

"ಮೂವತ್ತು ವರ್ಷ ಅರ್ಧಂಬರ್ಧ ವಿಳಾಸ ಹಿಡಿದು ಮನೆ ಹುಡುಕಿದೋನು ನಾನು. ಬನ್ನಿ, ನೋಡೋಣ."

ಬೂದಿ ಮೂರನೆಯ ನಂಬರಿನಲ್ಲಿ ಸಿಕ್ಕಳು. ಗೊಣಗಿಯನ್ನು ಹುಡುಕುವ ಕಷ್ಟವೇ ಇರಲಿಲ್ಲ, ಸದ್ದು ಹಿಡಿದು ಹೋದರೆ ಸಾಕಾಯಿತು. ಹಿರಿಯಕ್ಕನ ಬಣ್ಣ ಸಿಕ್ಕಿತು, ಗಾತ್ರ ಸಿಕ್ಕಿತು, ಸೊಟ್ಟ ಬೆರಳು ಮಾತ್ರ ಸಿಗಲಿಲ್ಲ.

"ಬೆರಳು ನಾನೇ ಸೊಟ್ಟ ಮಾಡಿ ಕೊಡ್ಲಾ?"

"ಅಯ್ಯೋ, ಬೇಡ."

"ತಮಾಷೆ ತಾಯಿ. ಇನ್ನು ಈ ಚುಕ್ಕೆಯವಳು ಒಬ್ಬಳಿದಾಳೆ, ಆದ್ರೆ ಬೇಡ. ಇವಳಿಗೆ ಮೊಟ್ಟೆ ನಿಂತು ವರ್ಷ ಆಯ್ತು."

"ನಿಂತ್ರೆ ನಿಲ್ಲಲಿ. ಚುಕ್ಕಿ ಇದ್ರೆ ಸಾಕು."

"ಮೊಟ್ಟೆ ಬೇಡ ಅಂತ ಮೊಟ್ಟೆ ಕೋಳಿ ಕೊಳ್ಳೋರನ್ನ ಇವತ್ತೇ ನೋಡಿದ್ದು," ಎನ್ನುತ್ತ ಅವನು ನಾಲ್ಕನ್ನೂ ತೂತು ಕೊರೆದ ರಟ್ಟಿನ ಪೆಟ್ಟಿಗೆಗೆ ಇಳಿಸಿದ. ಗೇಟಿನವರೆಗೆ ಬಂದು ಮತ್ತೊಂದು ಮಾತು ಹೇಳಿದ. "ನಾಲ್ಕು ದಿನ ಗೂಡಲ್ಲೇ ಇರಲಿ. ಇದೇ ನಮ್ಮನೆ ಅಂತ ಅವಕ್ಕೆ ಮನಸ್ಸಿಗೆ ಬರ್ಬೇಕು. ಅದಕ್ಕೆ ಅವಸರ ಮಾಡಿದ್ರೆ ಆಗಲ್ಲ."

ಅವಳ ಬಳಿ ನಾಲ್ಕು ದಿನವಿರಲಿಲ್ಲ. ಮರುದಿನವೇ ಶನಿವಾರ.

ಹಳೆಯ ಬೀರುವೊಂದನ್ನು ಅಡ್ಡ ಮಲಗಿಸಿ, ಬಲೆ ಹೊಡೆಸಿ, ಹಿಂದಿನ ದಿನವೇ ಗೂಡು ಮಾಡಿಸಿದ್ದಳು. ಐದು ಗಂಟೆಗೆ ಕೋಳಿಗಳನ್ನು ಹಿತ್ತಲಿಗೆ ಬಿಟ್ಟಳು. ಅವು ನಿಂತಲ್ಲೇ ನಿಂತು, ಕತ್ತು ಉದ್ದ ಮಾಡಿ ನಾಲ್ಕು ದಿಕ್ಕಿಗೂ ನೋಡಿದವು. ಗೊಣಗಿ ಮಾತ್ರ ಯಾರ ಮೇಲೋ ದೂರು ಹೇಳುತ್ತಲೇ ಇದ್ದಳು.

ಐದೂವರೆಗೆ ಅತ್ತೆ ಬಾಗಿಲಿಗೆ ಬಂದರು. ತುಟಿಗೆ ಬಂದ ಪ್ರಶ್ನೆ ಅಲ್ಲಿಯೇ ನಿಂತಿತು. ಸೊಸೆ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಅತ್ತೆ ಬೆರಳು ಮಡಚುತ್ತ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ಒಂದು ಹಿಡಿ ಕಾಳು ಚೆಲ್ಲಿ, ಆ ಪದವನ್ನು ಮೆಲುದನಿಯಲ್ಲಿ ಹೇಳತೊಡಗಿದರು. ಹಸಿದಿದ್ದ ಕೋಳಿಗಳು ಬಂದವು. ಸೊಸೆಯ ಕಣ್ಣು ಮಂಜಾಯಿತು. ಇನ್ನೇನು, ಗೂಡಿನ ಕದ ಹಾಕುವುದೊಂದೇ ಉಳಿದಿತ್ತು.

ಎದ್ದರೆ ಕೂತರೆ ಮಂಡಿ ನೋವೆನ್ನುತ್ತಿದ್ದ ಅತ್ತೆ ಸಲೀಸಾಗಿ ಕುಕ್ಕರಿಸಿದರು. ಒಂದೇ ಕೈಚಾಚಿಗೆ ಚುಕ್ಕಿಯನ್ನು ಹಿಡಿದು, ಕಂಕುಳಿಗೆ ಸೇರಿಸಿ, ಬಾಲದ ಕೆಳಗೆ ಬೆರಳಿಟ್ಟು ನೋಡಿದರು.

"ಪಾಪ. ಇದು ಯಾರದಮ್ಮ?"

"ನಮ್ದೇ ಅತ್ತೆ. ಚುಕ್ಕಿ ಅಲ್ವಾ?"

"ಚುಕ್ಕಿ ಥರಾನೇ ಇದೆ. ಚುಕ್ಕಿ ಅಲ್ಲ. ನಮ್ಮ ಚುಕ್ಕಿ ಮೊಟ್ಟೆ ಶುರು ಮಾಡಿ ಹದಿನೈದು ದಿನ ಆಗಿಲ್ಲ. ಇವಳಿಗೆ ವಯಸ್ಸಾಗಿದೆ." ಗೋಧಿ ಬಣ್ಣದವಳ ಕಾಲೆತ್ತಿದರು. "ಇವಳ ಬೆರಳು ನೆಟ್ಟಗಿದೆ." ಅವರ ಹಣೆ ಗಂಟಿಕ್ಕಿತು. ತಿಂಗಳುಗಳಿಂದ ಕಾಣದಿದ್ದ ಒಂದು ಚುರುಕು ಆ ಮುಖದಲ್ಲಿ ಮೂಡಿತು. "ಇಷ್ಟು ಹೋಲೋ ಕೋಳಿಗಳು ಇಲ್ಲಿಗೆ ಬಂದಿವೆ ಅಂದ್ರೆ ಅದಲು ಬದಲಾಗಿದೆ. ಇವುಗಳ ಮನೆಯವರ ಹತ್ರ ನಮ್ಮವು ಇವೆ."

"ನಾನೇ ಕೊಂಡು ತಂದೆ ಅತ್ತೆ, ಬೆಳಿಗ್ಗೆ."

"ನೀನು ಕೊಂಡಿರಬಹುದು," ಎಂದರು ಅತ್ತೆ, ಬೇಸರ ಮಾಡಬಾರದೆನ್ನುವ ದನಿಯಲ್ಲಿ. "ಮಾರಿದೋನು ಎಲ್ಲಿಂದ ತಂದನೋ. ಅಲ್ಲೊಬ್ಬಳು ಈಗ ಇವುಗಳನ್ನ ಕರೀತಾ ನಿಂತಿರ್ತಾಳೆ. ಅವಳ ಹೊಟ್ಟೆ ಎಷ್ಟು ಉರೀತಿರುತ್ತೆ ಅಂತ ನಂಗೆ ಗೊತ್ತು."

ಚುಕ್ಕಿಯನ್ನು ಕಂಕುಳಲ್ಲಿಟ್ಟುಕೊಂಡೇ ಎದ್ದು ಹೊರಟರು. ಸೊಸೆ ಉಳಿದ ಮೂರನ್ನು ಗೂಡಿಗೆ ತಳ್ಳಿ ಚಿಲಕ ಹಾಕುವಷ್ಟರಲ್ಲಿ ಗೇಟು ಕಿರುಗುಟ್ಟಿತ್ತು. ಅವಳು ಹಿಂದೆಯೇ ಓಡಿ ಮುಂದೆ ಹೋಗಿ ಅಡ್ಡ ನಿಂತಳು. ಅತ್ತೆ ಅವಳನ್ನು ದಾರಿಯಲ್ಲಿ ಸಿಕ್ಕ ಪರಿಚಯದವಳನ್ನು ನೋಡುವಂತೆ ನೋಡಿ, ಬಳಸಿಕೊಂಡು ಮುಂದೆ ನಡೆದರು. ತಡೆಯಲು ಹಿಡಿದ ಕೈಯಿಂದಲೇ ಅವಳು ಅವರನ್ನು ಎಡವದಂತೆ ನಡೆಸಬೇಕಾಯಿತು.

ಮೊದಲ ಮನೆಯ ಟೀಚರಮ್ಮ ಬಾಗಿಲು ತೆಗೆದು, "ನಮ್ಮದಲ್ಲಮ್ಮ, ನಮ್ಮನೇಲಿ ಬೆಕ್ಕು ಕೂಡ ನಿಲ್ಲಲ್ಲ," ಎಂದರು. ಇಸ್ತ್ರಿಯವನಿಗೆ ತಮಾಷೆ ಹೊಳೆಯಿತು.

"ನಮ್ದೇ ಅಂದ್ರೆ ಕೊಟ್ಬಿಡ್ತೀರಾ ಅಜ್ಜಿ?"

"ಗುರುತು ಹೇಳು, ಕೊಡ್ತೀನಿ."

"ಎರಡು ಕಾಲು, ಒಂದು ಕೊಕ್ಕು," ಎಂದು ನಕ್ಕವನು ಸೊಸೆಯ ಮುಖ ನೋಡಿ ಇಸ್ತ್ರಿಪೆಟ್ಟಿಗೆಯ ಕಡೆ ತಿರುಗಿಕೊಂಡ.

ಐದು ಮನೆ ಆಯಿತು, ಆರನೆಯದಾಯಿತು. ಪ್ರತಿ ಬಾಗಿಲಲ್ಲೂ ಅತ್ತೆ ಕೋಳಿಯನ್ನು ಮುಂದೆ ಹಿಡಿದು, ಇಲ್ಲವೆನ್ನಿಸಿಕೊಂಡು, ಕ್ಷಮೆ ಕೇಳಿ ಹಿಂತಿರುಗಿದರು. ಬೀದಿಯ ತಿರುವಿನಲ್ಲಿ ಗಂಡನ ಸ್ಕೂಟರು ಬಂತು. ತಾಯಿ ಕೋಳಿ ಹಿಡಿದು ನಡೆಯುವುದನ್ನೂ ಹೆಂಡತಿ ಹಿಂದೆ ಬರುವುದನ್ನೂ ನೋಡಿ ಅವನು ಗಾಡಿ ನಿಲ್ಲಿಸಿದ. ಹೆಲ್ಮೆಟ್ ತೆಗೆಯುವ ಮೊದಲೇ ಅತ್ತೆ ಎದುರಿಗೆ ನಿಂತರು.

"ಅಪ್ಪಾ, ಈ ಕೋಳಿ ನಿಮ್ದಾ?"

ಅವನು ಹೆಂಡತಿಯ ಕಡೆ ನೋಡಿದ. ಅವಳು ತಲೆಯಾಡಿಸಿದಳು, ಹೌದೆಂದೋ ಬೇಡವೆಂದೋ ಅವಳಿಗೇ ತಿಳಿಯಲಿಲ್ಲ.

"ಹೂಂ, ನಮ್ದೇ," ಎಂದ. "ಕೊಡಿ ಅಮ್ಮಾ. ಬನ್ನಿ, ಮನೆಗೆ ಹೋಗೋಣ."

ಅತ್ತೆಯ ಮುಖ ಅರಳಿತು. "ಹಂಗಾದ್ರೆ ನಮ್ಮವು ನಿಮ್ಮಲ್ಲೇ ಇವೆ. ಚುಕ್ಕಿ, ಬೂದಿ, ನಾಲ್ಕೂ. ಎಲ್ಲಿ ಕಟ್ಟಿದೀರಿ?"

ಅವನು ಬಾಯಿ ತೆರೆದ. ದಿನಕ್ಕೆ ಹತ್ತು ಜನರಿಗೆ, ಹೆದರ್ಬೇಡಿ, ಈಗ ಬಾಗಿಲು ತೆಗೀತೀನಿ, ಎನ್ನುವವನಿಗೆ ಒಂದು ಮಾತೂ ಹೊರಡಲಿಲ್ಲ.

"ಇಲ್ವಾ," ಎಂದರು ಅತ್ತೆ. ಕೋಳಿಯನ್ನು ಅವನ ಕೈಗಿಟ್ಟರು. "ಹೋಗ್ಲಿ ಬಿಡಿ. ನಿಮ್ದು ನಿಮಗೆ ಸಿಕ್ತಲ್ಲ, ಅಷ್ಟೇ ಸಂತೋಷ." ಆಮೇಲೆ ಸೊಸೆಯ ಕಡೆ ತಿರುಗಿ, ಅವಳ ಕೈಯನ್ನು ತಮ್ಮ ತೋಳಿನಿಂದ ನಯವಾಗಿ ಬಿಡಿಸಿದರು. "ನೀನೂ ಮನೆಗೆ ಹೋಗಮ್ಮ, ಕತ್ತಲಾಗ್ತಿದೆ. ನಿನ್ನೂ ಯಾರಾದ್ರೂ ಹುಡುಕ್ತಿರ್ತಾರೆ."

ಹೇಳಿ, ದೊಡ್ಡ ರಸ್ತೆಯ ಕಡೆ ನಡೆದರು. ಕೈ ಖಾಲಿಯಾದದ್ದಕ್ಕೋ ಏನೋ, ಈಗ ನಡಿಗೆ ಬಿರುಸಾಗಿತ್ತು.

ಗಂಡ ಹೆಲ್ಮೆಟ್ಟಿನೊಳಗಿಂದಲೇ, "ನಾಳೆ ಬೆಳಿಗ್ಗೆ ಫೋನ್ ಮಾಡ್ತೀನಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಜಗಳವಾದರೂ ಆಡಬಹುದಿತ್ತು. ಕೋಳಿ ಅವನ ತೋಳಿನ ಮೇಲೆ ಒಂದು ಪುಕ್ಕ ಉದುರಿಸಿ ಸುಮ್ಮನೆ ಕೂತಿತ್ತು.

ಅತ್ತೆ ಆಗಲೇ ಗಾಜಿನ ಅಂಗಡಿ ದಾಟಿದ್ದರು. ಅಲ್ಲಿಂದ ಮುಂದೆ ಫುಟ್‌ಪಾತ್ ಇರಲಿಲ್ಲ. ಸೊಸೆ ಓಡತೊಡಗಿದಳು.