ಬಿಳಿ ಬಣ್ಣದಡಿಯ ಮುಖ

"ಕತೆ ಬೇಕಾದ್ರೆ ಬರ್ಕೋ, ನನ್ನ ಮುಖ ಮಾತ್ರ ಊರಿನ ಮುಂದೆ ಇಡಬೇಡ," ಎಂದಿದ್ದಳು ಅಮ್ಮ. ಲಾಂಡ್ರಿಯ ಬಾಯ್ಲರಿನ ಹಬೆ ಬಡಿದು ಎಡಗೆನ್ನೆ ಬೆಂದ ಮೇಲೆ ಮನೆಯ ಕನ್ನಡಿಯನ್ನೇ ಗೋಡೆಗೆ ಮುಖ ಮಾಡಿ ತೂಗುಹಾಕಿದವಳು ಅವಳು. ಇಡಲ್ಲಮ್ಮ ಎಂದು ಮಗಳು ಮಾತು ಕೊಟ್ಟು ಮೂವತ್ತು ವರ್ಷವಾಗಿತ್ತು.

ಆ ಮಗಳು ಚಿತ್ರಗಾರ್ತಿಯಾದಳು. ಅಮ್ಮ ತೀರಿಕೊಂಡ ಎಷ್ಟೋ ವರ್ಷದ ಮೇಲೆ ಲಾಂಡ್ರಿಯ ಕತೆಯನ್ನು ನೂರ ನಲವತ್ತು ಪುಟದ ಚಿತ್ರಕಾದಂಬರಿ ಮಾಡಿದಳು. ಪುಟಪುಟದಲ್ಲೂ ಅಮ್ಮ ಇದ್ದಾಳೆ: ಬೆನ್ನು, ತುರುಬು, ಇಸ್ತ್ರಿಪೆಟ್ಟಿಗೆ ಹಿಡಿದ ಕೈ. ಮುಖ ಒಂದು ಕಡೆಯೂ ಇಲ್ಲ.

ಅದೀಗ ಸಿನಿಮಾ ಆಗಿತ್ತು. ಬಿಡುಗಡೆಗೆ ಮುಂಚೆ ಸ್ಟುಡಿಯೋದ ಪುಟ್ಟ ಕೋಣೆಯಲ್ಲಿ ಅವಳಿಗೂ ಅವಳ ಕಾಲೇಜು ಓದುವ ಮಗಳಿಗೂ ತೋರಿಸುತ್ತಿದ್ದರು. ಮಗಳು ಪುಸ್ತಕ ತೊಡೆ ಮೇಲಿಟ್ಟುಕೊಂಡು, ಮೊಬೈಲ್ ಬೆಳಕಲ್ಲಿ ಪುಟ ತಿರುವುತ್ತ ತಪ್ಪು ಹೆಕ್ಕುತ್ತಿದ್ದಳು. ಒಂದೇ ಪುಟದಲ್ಲಿ ಮುಗಿದ ಜಗಳವನ್ನು ಇವರು ಹತ್ತು ನಿಮಿಷ ಎಳೆದಿದ್ದಾರಂತೆ. ಅಜ್ಜಿಯ ಪಾತ್ರದವಳು ಇಸ್ತ್ರಿ ಮಾಡುವುದು ಬೆಕ್ಕಿನ ಬೆನ್ನು ಸವರಿದ ಹಾಗಿದೆಯಂತೆ.

ಅಷ್ಟರಲ್ಲಿ ಪರದೆಯ ಮೇಲಿನ ಹೆಂಗಸು ಇತ್ತ ತಿರುಗಿದಳು.

ಚಿತ್ರಗಾರ್ತಿ ಮುಂದಕ್ಕೆ ಬಾಗಿದಳು. ಕೆನ್ನೆಯ ಕಲೆ, ಕಿವಿಯ ಹತ್ತಿರ ಮಡಚಿಕೊಂಡ ಚರ್ಮ, ಅರ್ಧ ಹೋದ ಹುಬ್ಬು. ಊಹೆಯಲ್ಲ, ಅಮ್ಮನೇ. ಅಮ್ಮನದೊಂದು ಫೋಟೊ ಕೂಡ ಎಲ್ಲೂ ಉಳಿದಿರಲಿಲ್ಲವಲ್ಲ.

ದೀಪ ಹತ್ತಿತು. ಪುಸ್ತಕದಲ್ಲಿಲ್ಲದ ಈ ಮುಖ ಎಲ್ಲಿ ಸಿಕ್ಕಿತು ಎಂದು ಮಗಳೇ ನಿರ್ದೇಶಕನನ್ನು ಕೇಳಿದಳು.

"ನಿಮ್ಮಮ್ಮನೇ ಮೂಲ ಹಾಳೆ ಕೊಟ್ರಲ್ಲ," ಎಂದ ಅವನು, ಹೆಮ್ಮೆಯಿಂದಲೇ. "ಮೇಕಪ್ ಅದನ್ನ ನೋಡೇ ಮಾಡಿಸಿದ್ದು. ಕೆಳಗಿಂದ ಲೈಟ್ ಬಿಟ್ವಿ. ಬಿಳಿ ಬಣ್ಣದಡಿ ಪ್ರತಿ ಪುಟದಲ್ಲೂ ಮುಖ ಇತ್ತು."

ಹೌದು, ಇತ್ತು. ಮುಖ ಕಾಣದೆ ಅಮ್ಮನ ಕೈ ಅವಳಿಗೆ ಮೂಡುತ್ತಲೇ ಇರಲಿಲ್ಲ. ಮೊದಲು ಮುಖ ಬರೆದು, ಬಿಳಿ ಬಳಿದು, ಅದರ ಮೇಲೆ ತುರುಬು ಬರೆಯುತ್ತಿದ್ದಳು. ಅಚ್ಚಿನಲ್ಲಿ ಏನೂ ಕಾಣದು. ಹಾಳೆಗಳನ್ನು ಕಟ್ಟಿ ಕೊಡುವಾಗ ಅದು ನೆನಪಿಗೇ ಬರಲಿಲ್ಲ. ತನ್ನ ಕೈಯಾರೆ ಕೊಟ್ಟಿದ್ದಳು.

ಅವಳ ಮುಖ ನೋಡಿ ನಿರ್ದೇಶಕ ದನಿ ಇಳಿಸಿದ. ಬೇಡವೆಂದರೆ ತೆಗೆಯಬಹುದು, ಇನ್ನೂ ಸಮಯವಿದೆ ಎಂದ.

ಮಗಳು ಪುಸ್ತಕ ಮುಚ್ಚಿದಳು. "ಅಮ್ಮ, ಪುಸ್ತಕಕ್ಕಿಂತ ಸಿನಿಮಾ ಚೆನ್ನಾಗಿರೋದು ಅದೊಂದೇ ಕಡೆ. ನಾನು ಅಜ್ಜಿನ ನೋಡಿದ್ದೇ ಇವತ್ತು."

"ಗೊತ್ತು ಕಣೇ."

ಚಿತ್ರಗಾರ್ತಿ ಆ ತುಣುಕನ್ನು ಇನ್ನೊಂದು ಸಲ ಹಾಕಿಸಿ, ರೆಪ್ಪೆ ಬಡಿಯದೆ ನೋಡಿದಳು. ಆಮೇಲೆ ತೆಗೆದುಬಿಡಿ ಎಂದಳು.

ತೆಗೆದರು. ಅಮ್ಮನಿಗೆ ಕೊಟ್ಟ ಮಾತು ಉಳಿಯಿತು.